ಬೆದೆ ಬಂದಾಗಲೆಲ್ಲ ಮರಿ ಬೇಕೆ?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಎಮ್ಮೆ, ಕುರಿ, ಹೊಲಿಗೆ ಯಂತ್ರದ ಸಾಲದ ಬಗ್ಗೆ ನಾವು ಎಷ್ಟೋ ಸಲ ಕೂತು ಮಾತಾಡಿದ್ದೇವೆ. ಇವತ್ತು ನಾಯಿಯ ವಿಷಯ. ನಗಬೇಡ್ರಿ. ಮುಧೋಳ ಸುತ್ತಿನ ಹಳ್ಳಿಗಳಲ್ಲಿ ಬೇಟೆ ನಾಯಿ ಸಾಕಿ ಮರಿ ಮಾರುವುದು ಬಡವರ ಮನೆಯ ಆದಾಯ. ಹೊಲ ಕಾಯಲು, ಕುರಿಹಿಂಡಿನ ಜೊತೆ ಹೋಗಲು ಇದ್ದ ಈ ನಾಯಿಯ ಚಿತ್ರವನ್ನು 2005ರಲ್ಲಿ ಅಂಚೆಚೀಟಿಯ ಮೇಲೆ ಹಾಕಿದರು. ಆಮೇಲೆ ಸೈನ್ಯದವರೂ ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಹೆಸರು ಬಂತು, ಮರಿಗೆ ಗಿರಾಕಿ ಬಂದರು. ಜೊತೆಗೆ ಆಸೆಯೂ ಬಂತು.

ಸಂಘಗಳ ಸಭೆಗೆ ಹೋದಲ್ಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಬೆದಿ ಬಂದದ್ದನ್ನ ಖಾಲಿ ಬಿಟ್ರ ಕಂತು ಯಾರು ಕಟ್ಟತಾರ?" ಇದು ದುರಾಸೆಯ ಪ್ರಶ್ನೆ ಅಲ್ಲ. ಸಾಲ ತಗೊಂಡವರ ಪ್ರಶ್ನೆ. ಅದಕ್ಕೇ ಲೆಕ್ಕ ಹಾಕಿ ಉತ್ತರ ಹೇಳಬೇಕು.

ಸಾಮಾನ್ಯವಾಗಿ ಹೆಣ್ಣು ನಾಯಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೇಟೆ ಜಾತಿಯ ಕೆಲವಕ್ಕೆ ವರ್ಷಕ್ಕೊಮ್ಮೆಯೇ. ವರ್ಷಕ್ಕೊಮ್ಮೆ ಬರುವುದಕ್ಕೆ ಚಿಂತೆ ಕಡಿಮೆ, ದೇವರೇ ಬಿಡುವು ಕೊಟ್ಟಿದ್ದಾನೆ. ಆರು ತಿಂಗಳಿಗೆ ಬರುವ ನಾಯಿಯ ಲೆಕ್ಕ ನೋಡ್ರಿ. ಗರ್ಭ ಸುಮಾರು 63 ದಿನ. ಮರಿಗಳು ತಾಯಿಯ ಹತ್ತಿರ ಎರಡು ತಿಂಗಳು. ಅಲ್ಲಿಗೆ ನಾಲ್ಕು ತಿಂಗಳು ಮುಗಿದವು. ಮುಂದಿನ ಬೆದೆಗೆ ಉಳಿದದ್ದು ಎರಡು ತಿಂಗಳು. ಅಷ್ಟರಲ್ಲಿ ಆ ಜೀವ ಕಳಕೊಂಡ ಮೈ ತುಂಬಿಕೊಳ್ಳಬೇಕು. ಬಾಣಂತನ ಅಂದರೇನು ಅಂತ ನಿಮಗೆ ನಾವು ಹೇಳಿಕೊಡಬೇಕೇ?

ಮರಿ ಹಾಕಿದ ಮೂರು ನಾಲ್ಕನೇ ವಾರದಲ್ಲಿ ಹಾಲು ಅತಿ ಹೆಚ್ಚು. ಆಗ ತಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಬರೀ ರೊಟ್ಟಿ ಚೂರು, ಜೋಳದ ನುಚ್ಚು ಸಾಲದು. ಮೊಟ್ಟೆ, ಮಾಂಸ, ಮಜ್ಜಿಗೆ ಅನ್ನ ಇರಲಿ. ಈ ದಿನಗಳಲ್ಲೇ ರಕ್ತದ ಸುಣ್ಣದ ಅಂಶ ಇಳಿದು ನಾಯಿ ನಡುಗುವುದು, ಕಾಲು ಸೆಟೆಯುವುದು, ತೇಕುವುದು ಉಂಟು. ಗಾಳಿ ಬಡಿದಿದೆ ಅಂತ ಕೂಡಬಾರದು. ಮರಿಗಳನ್ನು ಬಿಡಿಸಿ ಆಗಿಂದಾಗಲೇ ಪಶು ಆಸ್ಪತ್ರೆಗೆ ಒಯ್ಯಿರಿ, ತಡಮಾಡಿದರೆ ಪ್ರಾಣಕ್ಕೆ ಅಪಾಯ. ಇದನ್ನು ತಡೆಯಲು ಗರ್ಭದಲ್ಲೇ ಕ್ಯಾಲ್ಸಿಯಂ ಗುಳಿಗೆ ನುಂಗಿಸುವವರಿದ್ದಾರೆ. ಅದು ಉಲ್ಟಾ ಕೆಡುಕು. ಹೊರಗಿಂದ ಬರುತ್ತಿದ್ದರೆ ಮೈ ತನ್ನ ಎಲುಬಿನಿಂದ ಸುಣ್ಣ ತೆಗೆಯುವುದನ್ನೇ ನಿಧಾನ ಮಾಡುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಕೆಲವು ಪಶುವೈದ್ಯರು ಬೇರೆ ಅಭಿಪ್ರಾಯ ಹೇಳುತ್ತಾರೆ. ಬೆದೆಯಾದ ಮೇಲೆ ಗರ್ಭ ನಿಲ್ಲಲಿ ಬಿಡಲಿ, ಸುಮಾರು ಎರಡು ತಿಂಗಳು ಗರ್ಭದ ಹಾರ್ಮೋನು ಮೈಯಲ್ಲಿ ಇರುತ್ತದೆ. ಖಾಲಿ ಬಿಟ್ಟರೂ ಗರ್ಭಕೋಶಕ್ಕೆ ಅದರ ಪೆಟ್ಟು ತಪ್ಪದು. ಆದ್ದರಿಂದ ಗಟ್ಟಿ ನಾಯಿಗೆ ಸಾಲಾಗಿ ಎರಡು ಸೂಲು ಕೊಡಿಸಿ, ಬೇಗ ಆಪರೇಷನ್ ಮಾಡಿಸಿ ನಿಲ್ಲಿಸುವುದೇ ಮೇಲು ಎನ್ನುವುದು ಅವರ ವಾದ. ವಾದ ಸುಳ್ಳಲ್ಲ. ಆದರೆ ಅದು ತಿಂಗಳು ತಿಂಗಳು ತೂಕ ನೋಡಿ, ಡಾಕ್ಟರರಿಂದ ತಪಾಸಣೆ ಮಾಡಿಸಿ, ಹೊಟ್ಟೆತುಂಬ ಹಾಕುವ ಮನೆಯ ನಾಯಿಗೆ. ದಿನಕ್ಕೆರಡು ರೊಟ್ಟಿಯಲ್ಲಿ ಹೊಲ ಕಾಯುವ ನಾಯಿಗೆ ಅದನ್ನು ಹಚ್ಚಬಾರದು ಅಂತ ನಮಗೆ ಅನಿಸುತ್ತದೆ. ಖಾಲಿ ಬಿಟ್ಟಾಗ ಒಂದು ಎಚ್ಚರ ಇರಲಿ. ಬೆದೆಯಾದ ಒಂದೆರಡು ತಿಂಗಳೊಳಗೆ ವಿಪರೀತ ನೀರು ಕುಡಿಯುವುದು, ಉಣ್ಣದಿರುವುದು, ಹಿಂದಿನಿಂದ ಕೀವು ಬರುವುದು ಕಂಡರೆ ಗರ್ಭಕೋಶ ಕೀವಾಗಿರಬಹುದು. ಕೀವು ಹೊರಗೆ ಬಾರದೆ ಒಳಗೇ ನಿಲ್ಲುವುದೂ ಉಂಟು. ಅಂದೇ ತೋರಿಸಬೇಕು.

ಮೈ ತುಂಬಿದೆಯೋ ಇಲ್ಲವೋ ನೋಡುವುದು ಹೇಗೆ? ಈ ಜಾತಿಯೇ ತೆಳ್ಳಗೆ. ಹಿಂದಿನ ಎರಡು ಮೂರು ಪಕ್ಕೆಲುಬು ಕಂಡರೆ ಗಾಬರಿ ಬೇಡ. ಬೆನ್ನೆಲುಬಿನ ಗಂಟು, ಸೊಂಟದ ಮೂಳೆ ಎದ್ದು ಕಂಡರೆ ಆ ನಾಯಿ ಇನ್ನೂ ಬಾಣಂತಿಯೇ.

ಕಾನೂನೂ ಇದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ನಾಯಿ ತಳಿ ಬೆಳೆಸುವ ಮತ್ತು ಮಾರುವ ನಿಯಮಗಳ ಪ್ರಕಾರ 18 ತಿಂಗಳಿಗಿಂತ ಮೊದಲು ಗಂಡು ಕೂಡಿಸುವಂತಿಲ್ಲ. ಸಾಲಾಗಿ ಎರಡು ಬೆದೆಗೆ ಮರಿ ಹಾಕಿಸುವಂತಿಲ್ಲ. ಜೀವಮಾನದಲ್ಲಿ ಐದೇ ಸೂಲು, ಎಂಟು ವರ್ಷದ ಮೇಲೆ ಬೇಡ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಡಾಕ್ಟರರು ಹೇಳಿದರೂ ನಿಯಮ ನಿಯಮವೇ.

ಈಗ ಕಂತಿನ ಮಾತು. ತಪ್ಪು ನಾಯಿಯದಲ್ಲ, ಕಂತು ಇಟ್ಟ ರೀತಿಯದು. ತಿಂಗಳಾ ಹಾಲು ಕೊಡುವ ಎಮ್ಮೆಗೆ ತಿಂಗಳ ಕಂತು ಸರಿ. ವರ್ಷಕ್ಕೊಂದು ಸೂಲು ಕೊಡುವ ನಾಯಿಗೂ ಅದೇ ಕಂತು ಇಟ್ಟರೆ ಆ ತಾಯಿ ಏನು ಮಾಡಬೇಕು? ಪ್ರತಿ ಬೆದೆಗೂ ಗಂಡಿನ ಹತ್ತಿರ ಕರಕೊಂಡು ಹೋಗಲೇಬೇಕಾಗುತ್ತದೆ. ಆಂತರಿಕ ಸಾಲ ಕೊಡುವಾಗ ತಿಂಗಳಿಗೆ ಬಡ್ಡಿ ಮಾತ್ರ, ಅಸಲು ಮರಿ ಮಾರಿದ ಮೇಲೆ ಅಂತ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಸಂಘ ನಿಮ್ಮದು, ನಿರ್ಣಯವೂ ನಿಮ್ಮದು. ಸಾಲದ ಮೊತ್ತದಲ್ಲೇ ಲಸಿಕೆ, ಜಂತಿನ ಔಷಧಿ, ಬಾಣಂತನದ ಆಹಾರದ ಖರ್ಚು ಸೇರಿರಲಿ.

ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ನಾಲ್ಕೈದು ಸಂಘದವರು ಕೂಡಿ ಹೋಗಿ ಕೇಳಿಬನ್ನಿ. ಮುಂದಿನ ಸಭೆಗೆ ನಾಯಿ ಸಾಕಿದವರೆಲ್ಲ ಕೊನೆಯ ಬೆದೆಯ ತಾರೀಖು, ಮರಿ ಹಾಕಿದ ತಾರೀಖು ಬರೆದು ತನ್ನಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ ತರಬಹುದು.