ಬಚ್ಚಲಿನ ಹಸಿರು ತಂತಿ

(ಸಾತಪುರದಲ್ಲಿ ಕನ್ನಡ ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸುಗಳ ವಿಷಯವಾಗಿ ನಾನು ಮಾತಾಡುವೆನೆಂದು ತಾವು ಎಣಿಸಿರಬಹುದು. ಅವನ್ನು ಮುಂದಿನ ಸಭೆಗೆ ಇರಿಸಿಕೊಂಡು, ಈ ದಿನ ಬಚ್ಚಲುಮನೆಯ ಮಾತಾಡಬೇಕೆಂದು ಬಂದಿದ್ದೇನೆ. ನಗಬೇಡಿರಿ. ಬೆಳಗಿನ ಪಾಳಿಗೆ ಹೊರಡುವ ಮೊದಲು ನಾವೆಲ್ಲ ಬರಿಗಾಲಿನಲ್ಲಿ, ಒದ್ದೆ ಮೈಯಲ್ಲಿ ನಿಲ್ಲುವ ಜಾಗ ಅದೊಂದೇ.

ಊರಿನಲ್ಲಿ ನಮಗೆ ಹಂಡೆಯಿತ್ತು, ಅದರ ಅಡಿಗೆ ತೆಂಗಿನ ಮಡಲು, ಸಿಪ್ಪೆ ಇದ್ದವು. ಇಲ್ಲಿ ನಾಸಿಕದ ಚಳಿಗೆ ಗೀಸರು ಬಂತು, ಅದೂ ಇಲ್ಲದ ಖೋಲಿಗೆ ನೀರು ಕಾಯಿಸುವ ರಾಡು ಬಂತು. ಬೆಂಕಿಯಾದರೆ ಕಣ್ಣಿಗೆ ಕಾಣುತ್ತದೆ. ಕರೆಂಟು ಕಾಣುವುದಿಲ್ಲ.

ಖೋಲಿಗಳಲ್ಲಿ ನಾನು ಬಹಳ ಸಲ ಕೇಳಿದ ಮಾತೊಂದುಂಟು: "ನಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ಮೆನ್ನುತ್ತದೆ ಅಣ್ಣಾ, ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿದರಾಯಿತು." ಹೋಟೆಲಿನಲ್ಲಿ ಗ್ರೈಂಡರು ಜುಮ್ಮೆಂದರೆ ಕಾಲಡಿಗೆ ಹಲಗೆ ಹಾಕಿಕೊಂಡು ಹಿಟ್ಟು ರುಬ್ಬಿಸುವ ಅಭ್ಯಾಸವೂ ಇದೇ ಜಾತಿಯದು. ಜುಮ್ಮೆನ್ನುವುದು ಸ್ವಲ್ಪದ ಮಾತಲ್ಲ. ಎಲ್ಲಿಯೋ ತಂತಿಯ ಹೊದಿಕೆ ಹೋಗಿದೆ ಅಥವಾ ಗೀಸರಿನ ಕಾಯಿಲಿನಿಂದ ಸೋರಿಕೆಯಿದೆ, ಆ ಕರೆಂಟು ಹೋಗಲು ದಾರಿ ಹುಡುಕುತ್ತಿದೆ ಎಂದರ್ಥ.

"ನಮ್ಮಲ್ಲಿ ಎಂ.ಸಿ.ಬಿ. ಇದೆಯಲ್ಲ" ಎನ್ನುವವರಿದ್ದಾರೆ. ಲೆಕ್ಕ ನೋಡೋಣ. 230 ವೋಲ್ಟಿನಲ್ಲಿ 2,000 ವ್ಯಾಟಿನ ಗೀಸರು ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರಿನ ಎಂ.ಸಿ.ಬಿ. ಹಾಕುತ್ತಾರೆ. 16 ಆಂಪಿಯರ್ ಎಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಮೈಯಲ್ಲಿ ಹತ್ತಿಪ್ಪತ್ತು ಮಿಲಿ ಆಂಪಿಯರ್ ಹರಿದರೆ ಹಿಡಿದ ಕೈ ಬಿಡಲಾಗುವುದಿಲ್ಲ, ಅದಕ್ಕೂ ಹೆಚ್ಚಾಗಿ ಎದೆಯ ಮೂಲಕ ಹರಿದರೆ ಹೃದಯದ ತಾಳ ತಪ್ಪುತ್ತದೆ. ಆದಕಾರಣ ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆಯೇ ಹೊರತು ಒದ್ದೆ ಮೈಯವನನ್ನಲ್ಲ. ಅವನನ್ನು ಕಾಯುವುದಕ್ಕೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಬೇರೆ ಸ್ವಿಚ್ಚು ಇದೆ. ಸೋರಿಕೆ ಕಂಡೊಡನೆ ಅದು ಕರೆಂಟು ಕಡಿಯುತ್ತದೆ.

ಇನ್ನು ಹಸಿರು ತಂತಿ. ಅರ್ಥಿಂಗ್ ಎಂಬುದನ್ನು ತಾವೆಲ್ಲ ಕೇಳಿದ್ದೀರಿ: ಗೀಸರಿನ ಮೈಗೆ ಬಂದ ಕರೆಂಟನ್ನು ದಪ್ಪ ದಾರಿಯಲ್ಲಿ ಹರಿಯಬಿಟ್ಟು ಎಂ.ಸಿ.ಬಿ. ಬೀಳುವಂತೆ ಮಾಡುವುದು. ಬಾಂಡಿಂಗ್ ಅದಕ್ಕೆ ಸೇರಿದ ಇನ್ನೊಂದು ಕೆಲಸ. ಬಚ್ಚಲಿನ ಗೀಸರು, ಬಿಸಿನೀರಿನ ಕಬ್ಬಿಣದ ಪೈಪು, ತಣ್ಣೀರಿನ ಪೈಪು, ಇವನ್ನೆಲ್ಲ ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟುವುದು. ಎರಡು ಹಂಡೆಗಳನ್ನು ಅಡಿಯಲ್ಲಿ ಕೊಳವೆಯಿಂದ ಸೇರಿಸಿದರೆ ಎರಡರಲ್ಲೂ ನೀರಿನ ಮಟ್ಟ ಒಂದೇ ಆಗುತ್ತದಲ್ಲವೇ? ಹಾಗೆಯೇ ಇದು. ಮಟ್ಟ ಒಂದಾದರೆ, ಒಂದು ಕೈ ಗೀಸರಿನ ಮೇಲೆ, ಇನ್ನೊಂದು ಕೈ ನಲ್ಲಿಯ ಮೇಲೆ ಇದ್ದರೂ ನಡುವೆ ನಿಂತವನ ಮೈಯಲ್ಲಿ ಹರಿಯಲು ಕಾರಣ ಉಳಿಯುವುದಿಲ್ಲ.

ನಾನು ಈ ವಿಷಯವನ್ನು ಸಭೆಗೆ ತಂದ ಕಾರಣ ಇಲ್ಲಿದೆ. ಸಾಲು ಖೋಲಿಗಳಲ್ಲಿ ಕಬ್ಬಿಣದ ಪೈಪು ಒಬ್ಬನದಲ್ಲ. ಛಾವಣಿಯ ಟಾಂಕಿಯಿಂದ ಇಳಿದು ಒಂದು ಖೋಲಿಯ ಗೋಡೆ ದಾಟಿ ಇನ್ನೊಂದಕ್ಕೆ ಹೋಗುತ್ತದೆ. ಪಕ್ಕದವರ ಗೀಸರು ಕೆಟ್ಟರೆ ಕರೆಂಟು ಆ ಪೈಪು ಹಿಡಿದು, ಗೀಸರೇ ಇಲ್ಲದ ನಿಮ್ಮ ನಲ್ಲಿಗೆ ಬರಬಹುದು. ನೀವು ನಿಮ್ಮ ಖೋಲಿಯಲ್ಲಿ ಎಷ್ಟು ಜಾಗ್ರತೆಯಾಗಿದ್ದರೂ ಸಾಲದು. ಕಟ್ಟಡದ ಮೂಲ ಅರ್ಥಿಂಗ್ ಕೆಟ್ಟಿರುವಾಗ ಒಬ್ಬನೇ ತನ್ನ ಪೈಪಿಗೆ ತಂತಿ ಕಟ್ಟಿಕೊಂಡನೆನ್ನಿ, ಅವನ ಗೀಸರಿನ ದೋಷ ಸಾಲಿನ ಎಲ್ಲ ನಲ್ಲಿಗಳಿಗೂ ಹಂಚಿಹೋಗುತ್ತದೆ! ಆದ್ದರಿಂದ ಮೊದಲು ಮೂಲ ಅರ್ಥಿಂಗ್, ಜೊತೆಗೆ ಆರ್.ಸಿ.ಸಿ.ಬಿ., ಆಮೇಲೆ ಬಾಂಡಿಂಗ್. ಸಾಲಿಗೆಲ್ಲ ಒಟ್ಟಿಗೇ ಆಗತಕ್ಕದ್ದು.

ಇಂಗ್ಲೆಂಡಿನ ವೈರಿಂಗ್ ನಿಯಮಗಳು 2008ರಿಂದ, ಬಚ್ಚಲಿನ ಎಲ್ಲ ಸರ್ಕ್ಯೂಟುಗಳಿಗೆ 30 ಮಿಲಿ ಆಂಪಿಯರಿನ ರಕ್ಷಣೆಯಿದ್ದು, ದೋಷ ಬಂದಾಗ ಕರೆಂಟು ಗೊತ್ತಾದ ಸಮಯದೊಳಗೆ ಕಡಿದು, ಮೂಲ ಬಾಂಡಿಂಗ್ ಸರಿಯಿದ್ದರೆ ಬಚ್ಚಲಿನ ಈ ಹೆಚ್ಚಿನ ತಂತಿಯನ್ನು ಬಿಡಬಹುದೆನ್ನುತ್ತವೆ. ಮನೆ ಮಾಲೀಕರು ಯಾರಾದರೂ ಈ ಮಾತು ಎತ್ತಿದರೆ ಆ ಮೂರು "ಇದ್ದರೆ"ಗಳನ್ನು ಮೊದಲು ತೋರಿಸಿರೆಂದು ಕೇಳಿರಿ.

ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್ ಮೇನ್ ಸ್ವಿಚ್ ಆರಿಸಿಯೇ ಮಾಡಬೇಕು. ನೀವು ನೋಡತಕ್ಕದ್ದು ಇಷ್ಟು. ತಂತಿ ಹಸಿರು-ಹಳದಿ ಬಣ್ಣದ ತಾಮ್ರದ್ದು, 4 ಚದರ ಮಿಲಿಮೀಟರಿನದು ಇರಲಿ. ಪೈಪಿನ ಬಣ್ಣ, ತುಕ್ಕು ಕೆರೆದು ಅದಕ್ಕೆಂದೇ ಮಾಡಿದ ಕ್ಲಾಂಪಿನಿಂದ ಬಿಗಿಯಲಿ, ಬರಿದೇ ಸುತ್ತಿಬಿಟ್ಟರೆ ಆಗದು. ಆ ತಂತಿ ಗೀಸರಿನ ಅರ್ಥ್ ತಂತಿಗೂ ಸೇರಿರಬೇಕು. ಕ್ಲಾಂಪನ್ನು ಸಿಮೆಂಟಿನೊಳಗೆ ಮುಚ್ಚಬಾರದು, ಮುಂದೆ ನೋಡಲು ಸಿಗಬೇಕು. ಕೊನೆಗೆ ಮೀಟರು ಹಿಡಿದು ಅಳೆದು ತೋರಿಸಲಿ. ಎಲ್ಲವೂ ಪ್ಲಾಸ್ಟಿಕ್ ಪೈಪಾಗಿದ್ದರೆ ತುದಿಯ ಹಿತ್ತಾಳೆ ನಲ್ಲಿಗೆ ಈ ತಂತಿ ಬೇಕಿಲ್ಲ. ಕಬ್ಬಿಣದ ಪೈಪಿನ ನಡುವೆ ತುಂಡು ಪ್ಲಾಸ್ಟಿಕ್ ಹಾಕಿದ್ದರೆ ಮಾತ್ರ, ಎರಡು ಕಡೆಯ ಕಬ್ಬಿಣವೂ ಕಟ್ಟಿದೆಯೇ ಎಂದು ಕೇಳಿರಿ. ನೀರಿನ ಪೈಪನ್ನೇ ಅರ್ಥಿಂಗೆಂದು ತೋರಿಸುವ ವೈರ್‌ಮನ್ನನನ್ನು ಬಾಗಿಲಿನಿಂದಲೇ ಕಳಿಸಿರಿ.

ರಾಡಿನವರಿಗೆ ಒಂದು ಮಾತು. ಎರಡು ಪಿನ್ನಿನ ರಾಡಿಗೆ ಯಾವ ಹಸಿರು ತಂತಿಯೂ ಇಲ್ಲ, ಬಾಂಡಿಂಗ್ ಅದಕ್ಕೆ ನೆರವಾಗದು. ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತು, ಆಮೇಲೆ ಬಕೆಟ್ಟಿನ ನೀರು ಮುಟ್ಟಿರಿ. ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ ಚಟವನ್ನು ಇಂದೇ ಬಿಡಿರಿ.

ಖರ್ಚು ಯಾರದು? ಗೋಡೆಯೊಳಗಿನ ತಂತಿ, ಪೈಪು, ನೆಲದೊಳಗಿನ ಅರ್ಥಿಂಗ್ ಮಾಲೀಕರವು. ಬಾಡಿಗೆ ನಮ್ಮದು, ತಿಂಗಳು ತಪ್ಪದೆ ಕೊಡುತ್ತಿದ್ದೇವೆ. ಒಬ್ಬೊಬ್ಬನೇ ಹೋಗಿ ಕೇಳಿದರೆ "ಬೇಡದಿದ್ದರೆ ಖಾಲಿ ಮಾಡು" ಎಂಬ ಉತ್ತರ ಬರುತ್ತದೆ. ಸಾಲಿನವರೆಲ್ಲ ಸಹಿ ಹಾಕಿದ ಒಂದೇ ಅರ್ಜಿ ಕೊಟ್ಟರೆ ಆ ಉತ್ತರ ಹೇಳುವುದು ಕಷ್ಟ. ಅರ್ಜಿಯನ್ನು ಮರಾಠಿಯಲ್ಲಿ ಬರೆದುಕೊಡಲು ನಮ್ಮಲ್ಲಿ ಓದಿದ ಹುಡುಗರಿದ್ದಾರೆ. ಬರುವ ಭಾನುವಾರ ಶ್ರಮಿಕ ನಗರದ ಕಡೆಯಿಂದ ಆರಂಭಿಸೋಣ. ಯಾವ ಖೋಲಿಯ ನಲ್ಲಿ ಜುಮ್ಮೆನ್ನುತ್ತದೆಯೋ ಅವರು ಭಾನುವಾರಕ್ಕೆ ಕಾಯದೆ ಈ ರಾತ್ರಿಯೇ ಗೀಸರಿನ ಸ್ವಿಚ್ ಆರಿಸಿ, ಸಾಲಿನ ಅಕ್ಕಪಕ್ಕದವರಿಗೂ ಆರಿಸಲು ಹೇಳಿ, ಖೋಲಿಯ ನಂಬರನ್ನು ಬಾಗಿಲ ಬಳಿ ಕುಳಿತ ತಮ್ಮನ ಹತ್ತಿರ ಬರೆಸಿ ಹೋಗಬೇಕು.