ಬಲೆಯೂ ಬಟ್ಟೆಯೂ

ಶಿಷ್ಯವೃತ್ತಿಯೆಂದರೆ ಮನೆಮಾರುಗಳನ್ನು ತೊರೆದು ಹೊರಡುವುದೆಂದೇ ನಾವು ಭಾವಿಸುತ್ತೇವೆ. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಸೀಮೋನನೂ ಅಂದ್ರೆಯನೂ ಕರೆ ಕೇಳಿದೊಡನೆ ಬಲೆಗಳನ್ನು ಬಿಟ್ಟು ಯೇಸುವನ್ನು ಹಿಂಬಾಲಿಸಿದರು, ನಿಜ. ಆದರೆ ಆ ಕರೆ ಬಂದುದು ದೇವಾಲಯದಲ್ಲಲ್ಲ. ಬಲೆ ಬೀಸುತ್ತಿದ್ದ ನೀರಿನ ಅಂಚಿನಲ್ಲಿ. ಯೋಹಾನನ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿಯೂ, ರಾತ್ರಿಯೆಲ್ಲ ದುಡಿದು ಬಂದ ಶಿಷ್ಯರಿಗೆ ಪುನರುತ್ಥಾನ ಹೊಂದಿದ ಪ್ರಭುವಿನ ದರ್ಶನವಾದುದು ದಡದ ಮೇಲೆ, ಕೆಂಡದಲ್ಲಿ ಬೇಯುವ ಮೀನಿನ ಪಕ್ಕದಲ್ಲಿ.

ಬಲೆಯಿಲ್ಲದ ನಮಗೆ ದಾರಿ ಯಾವುದು? ಫ್ರಾನ್ಸಿನ ಲಿಸಿಯೂ ಪಟ್ಟಣದ ತೆರೇಸಳನ್ನು ನೋಡೋಣ. 1888ರಲ್ಲಿ, 15ನೆಯ ವಯಸ್ಸಿನಲ್ಲಿ, ಕಾರ್ಮೆಲ್ ಮಠವನ್ನು ಸೇರಿದವಳು 1897ರಲ್ಲಿ ಅಲ್ಲಿಯೇ ಕ್ಷಯದಿಂದ ತೀರಿಕೊಂಡಳು, 1925ರಲ್ಲಿ ಸಂತಳೆನಿಸಿದಳು. ಅವಳ ಆತ್ಮಚರಿತ್ರೆಯಲ್ಲಿ ಒಂದು ಸಣ್ಣ ಸಂಗತಿಯಿದೆ. ಬಟ್ಟೆ ಒಗೆಯುವಾಗ ಎದುರಿಗಿದ್ದ ಸೋದರಿಯೊಬ್ಬಳು ಕೊಳೆನೀರನ್ನು ಮತ್ತೆ ಮತ್ತೆ ಇವಳ ಮುಖಕ್ಕೆ ಸಿಡಿಸುತ್ತಿದ್ದಳು. ಹಿಂದೆ ಸರಿದು ಮುಖವೊರಸಿಕೊಂಡು ಆಕೆಗೆ ತಿಳಿಯಪಡಿಸಬೇಕೆಂಬುದೇ ತೆರೇಸಳ ಮೊದಲ ಆಸೆ. ಸರಿಯಲಿಲ್ಲ. ಅನ್ಯಾಯವನ್ನೆಲ್ಲ ಹೀಗೆಯೇ ಸಹಿಸಬೇಕೆಂದು ನಾವು ಹೇಳುವವರಲ್ಲ. ಇಲ್ಲಿ ಸಿಡಿದುದು ಬರಿಯ ಕೊಳೆನೀರು. ಶಿಲುಬೆಯೆಂದರೆ ಮಹಾಸಂಕಟವೆಂದು ಕಾದು ಕುಳಿತಿರುವ ನಾವಾದರೋ ಇಂತಹ ಹನಿಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಜಗಳವಾಡುವುದಕ್ಕೆ. ಕೊನೆಗೆ ಅವಳಿಗೆ ಆ ಪ್ರೋಕ್ಷಣೆಯೇ ರುಚಿಸಿತಂತೆ. ಮತ್ತೊಮ್ಮೆ ಅದೇ ಜಾಗಕ್ಕೆ ಬಂದು ನಿಲ್ಲಲು ನಿಶ್ಚಯಿಸಿದಳು.