ನಾಡಿನ ಅರ್ಥಶಾಸ್ತ್ರವೂ ವಿಶ್ವವಿದ್ಯಾಲಯದ ಹೊಣೆಯೂ

(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಅರ್ಥಶಾಸ್ತ್ರವೆಂದೊಡನೆ ನಮ್ಮಲ್ಲಿ ಅನೇಕರಿಗೆ ಅದು ಪೇಟೆಯ ಧಾರಣೆಗಳ ಶಾಸ್ತ್ರವೆಂದೋ, ಪರದೇಶದ ಪಂಡಿತರು ತಮ್ಮ ಗಿರಣಿ-ಬ್ಯಾಂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಸೂತ್ರಗಳ ಕಟ್ಟೆಂದೋ ತೋರುವದು. ಈ ಭಾವನೆ ಪೂರ್ತಿಯಾಗಿ ಸುಳ್ಳಲ್ಲ. ಆದರೆ ಸಂಪತ್ತು ಅಂತರಿಕ್ಷದಲ್ಲಿ ಹುಟ್ಟುವ ವಸ್ತುವಲ್ಲ. ಅದು ಒಂದು ನೆಲದಲ್ಲಿ, ಒಂದು ಕಾಲುವೆಯ ಬದಿಯಲ್ಲಿ, ಒಂದು ರಸ್ತೆಯ ತುದಿಯಲ್ಲಿ ಹುಟ್ಟುವದು. ಆ ಕಾಲುವೆಯೂ ರಸ್ತೆಯೂ ಎಲ್ಲಿಗೆ ಬರಬೇಕೆಂಬದನ್ನು ಸರಕಾರವು ಗೊತ್ತುಮಾಡುವದು. ಹಾಗೆ ಗೊತ್ತುಮಾಡುವ ಸರಕಾರಕ್ಕೆ ನಾಡಿನ ನಿಜಸ್ಥಿತಿಯನ್ನು ಎಣಿಸಿ ಹೇಳುವವರು ಯಾರು? ನಮ್ಮ ವಿಶ್ವವಿದ್ಯಾಲಯಗಳು ಈ ಕೆಲಸವನ್ನು ಎಷ್ಟರ ಮಟ್ಟಿಗೆ ಮಾಡಿವೆ, ಅದರಿಂದ ನಾಡಿಗೆ ಏನಾಗಿದೆ ಎಂಬದೇ ಈ ಹೊತ್ತಿನ ನನ್ನ ವಿಷಯವು.

20ನೆಯ ಶತಮಾನದ ಮೊದಲರ್ಧದಲ್ಲಿ ಕನ್ನಡ ನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದಿತಷ್ಟೆ. ಅದರ ರಾಜಕೀಯ ದುಃಖವನ್ನು ನಮ್ಮ ಹಿರಿಯರು ಬೇಕಾದಷ್ಟು ಹೇಳಿದ್ದಾರೆ. ಅದರ ಲೆಕ್ಕದ ದುಃಖವನ್ನು ಹೇಳಿದವರು ಕಡಿಮೆ. ಧಾರವಾಡದ ಹತ್ತಿ ಮುಂಬಯಿಯ ಪಟ್ಟಿಯಲ್ಲಿ, ಮಂಗಳೂರಿನ ಹಂಚು ಮದ್ರಾಸಿನ ಪಟ್ಟಿಯಲ್ಲಿ, ರಾಯಚೂರಿನ ಜೋಳ ನಿಜಾಮರ ಪಟ್ಟಿಯಲ್ಲಿ, ಕೋಲಾರದ ಚಿನ್ನ ಮೈಸೂರಿನ ಪಟ್ಟಿಯಲ್ಲಿ! ಎಲ್ಲ ಕಡೆಗೂ ಕನ್ನಡ ಜಿಲ್ಲೆಗಳು ಬೇರೆಯವರ ವರದಿಗೆ ಅನುಬಂಧಗಳಾಗಿದ್ದವು. ನಾಡೇ ಒಂದಾಗಿರದ ಮೇಲೆ ನಾಡಿನ ಸರಾಸರಿ ಎಲ್ಲಿಂದ ಬರಬೇಕು? ಯಾವ ತಾಲೂಕು ಹಿಂದೆ ಬಿದ್ದಿದೆಯೆಂದು ಯಾರನ್ನು ಕೇಳಬೇಕು?

ಆದರೂ ಆ ಕಾಲದ ವಿಶ್ವವಿದ್ಯಾಲಯಗಳಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ಪುಣೆಯ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಎಂಬವರು ಆ ಊರಿನ ಸಮೀಪದ ಪಿಂಪಳೆ ಸೌದಾಗರ ಎಂಬ ಒಂದೇ ಹಳ್ಳಿಯ ಭೂಮಿಯನ್ನೂ ದುಡಿಮೆಯನ್ನೂ ತುಕಡಿ ತುಕಡಿಯಾಗಿ ಪರೀಕ್ಷಿಸಿ 1917ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯ ಹಿಡುವಳಿಗಳಲ್ಲಿ ನೂರಕ್ಕೆ 81 ಹತ್ತು ಎಕರೆಗಿಂತ ಚಿಕ್ಕವು, ನೂರಕ್ಕೆ 60 ಐದು ಎಕರೆಗಿಂತಲೂ ಚಿಕ್ಕವು ಎಂದು ಅವರು ತೋರಿಸಿಕೊಟ್ಟ ಮೇಲೆ, ರೈತನ ಬಡತನಕ್ಕೆ ಅವನ ಆಲಸ್ಯವೇ ಕಾರಣವೆಂಬ ಸಾಹೇಬರ ಮಾತಿಗೆ ಬೆಲೆ ಉಳಿಯಲಿಲ್ಲ. ಮದ್ರಾಸು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರ್ ಅವರು ತಮ್ಮ ವಿದ್ಯಾರ್ಥಿಗಳಿಗೆ, ಹಳ್ಳಿಗಳಿಗೆ ಹೋಗಿ ಸ್ವತಃ ಎಣಿಸಿ ಬರೆದು ತನ್ನಿರೆಂದು ಹೇಳಿದರು. ಆ ಬರೆಹಗಳು 1918ರಲ್ಲಿ ಪುಸ್ತಕವಾದವು. 1930ರ ದಶಕದಲ್ಲಿ ಅವೇ ಹಳ್ಳಿಗಳನ್ನು ಮದ್ರಾಸಿನ ಪಂಡಿತರು ಮತ್ತೆ ಪರೀಕ್ಷಿಸಿದರು. ಒಂದೇ ಊರನ್ನು ಇಪ್ಪತ್ತು ವರುಷಗಳ ಮೇಲೆ ಮತ್ತೆ ಹೋಗಿ ನೋಡುವ ಈ ಪದ್ಧತಿಯು ಅತ್ಯಂತ ಬೆಲೆಯುಳ್ಳದ್ದು. ಒಮ್ಮೆ ನೋಡಿದರೆ ಸ್ಥಿತಿ ತಿಳಿಯುವದು, ಎರಡು ಸಲ ನೋಡಿದರೆ ಗತಿ ತಿಳಿಯುವದು.

ನಮ್ಮ ನಾಡಿನಲ್ಲಿಯೇ ನಡೆದ ಅಂಥದೊಂದು ಅಭ್ಯಾಸವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು. ವಿಯೆನ್ನಾ ನಗರದಲ್ಲಿ ಹುಟ್ಟಿ, ನಾಜಿಗಳ ಹಾವಳಿಯಿಂದ ಪಾರಾಗಿ ಇಂಗ್ಲಂಡವನ್ನು ಸೇರಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಬಂದು 1954ರಿಂದ 1956ರ ವರೆಗೆ ಮಂಡ್ಯದ ಸೀಮೆಯ ಎರಡು ಹಳ್ಳಿಗಳಲ್ಲಿ ನಿಂತು ಶೋಧಿಸಿದರು. ಹಳ್ಳಿಗಳ ನಿಜ ಹೆಸರುಗಳನ್ನು ಮರೆಮಾಡಿ ಒಂದಕ್ಕೆ ವಂಗಲ, ಇನ್ನೊಂದಕ್ಕೆ ದಲೇನ ಎಂದು ಕರೆದರು. ಕೃಷ್ಣರಾಜಸಾಗರದ ನೀರು ಕಾಲುವೆಯಲ್ಲಿ ಹರಿದು ಬಂದು ವಂಗಲದ ಹೊಲಗಳನ್ನು ತೋಯಿಸಿತು. ದಲೇನದ ಭೂಮಿಯು ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ, ಸುತ್ತಲಿನ ಊರುಗಳೆಲ್ಲ ಹಸುರಾದರೂ ಅದೊಂದು ಒಣಗಿಯೇ ಉಳಿಯಿತು. ಎರಡೂ ಊರುಗಳಲ್ಲಿ ಒಕ್ಕಲಿಗರೇ ಹೆಚ್ಚು. ಆಡುವ ಭಾಷೆ ಒಂದು, ಇದ್ದ ಸರಕಾರವೂ ಒಂದು.

ಈಗ ನಿಮ್ಮನ್ನು ಕೇಳುತ್ತೇನೆ: ಯಾವ ಊರು ಹೆಚ್ಚು ಬದಲಾಗಿರಬೇಕು? ನೀರು ಬಂದ ಊರೇ ಎಂದು ಯಾರಾದರೂ ಹೇಳಿಯಾರು. ಕಂಡುಬಂದದ್ದು ಬೇರೆ. ವಂಗಲದವರಿಗೆ ಕಬ್ಬು ಬಂದಿತು, ಮಂಡ್ಯದ ಸಕ್ಕರೆ ಕಾರಖಾನೆಯಿಂದ ರೊಕ್ಕ ಬಂದಿತು. ಆದರೆ ಒಕ್ಕಲುತನ ಒಕ್ಕಲುತನವಾಗಿಯೇ ಉಳಿದುದರಿಂದ ಊರಿನ ಹಳೆಯ ಕಟ್ಟುಪಾಡುಗಳೂ, ಒಕ್ಕಲಿಗರ ಮನೆಗಳಿಗೂ ದಲಿತ ಕುಟುಂಬಗಳಿಗೂ ತಲೆತಲಾಂತರದಿಂದ ಬಂದ ಆಳು-ಒಡೆಯರ ಸಂಬಂಧವೂ ಬಹುಮಟ್ಟಿಗೆ ಹಾಗೆಯೇ ನಿಂತವು. ದಲೇನದವರು ಏನು ಮಾಡಬೇಕು? ನೀರು ತಮ್ಮ ಊರಿಗೆ ಬಾರದಿದ್ದರೆ ತಾವೇ ನೀರಿದ್ದಲ್ಲಿಗೆ ಹೋದರು. ನೆರೆಯೂರುಗಳಲ್ಲಿ ಗದ್ದೆ ಕೊಂಡರು, ಗಾಡಿ ಕಟ್ಟಿ ಕಬ್ಬು ಹೇರಿದರು, ಹಿಟ್ಟಿನ ಗಿರಣಿ ಹಾಕಿದರು, ಮಂಡ್ಯದಲ್ಲಿ ನೌಕರಿಗೆ ಸೇರಿದರು. ಹೀಗೆ ಹೊರಗಿನ ವ್ಯವಹಾರ ಬೆಳೆದಂತೆ ಒಳಗಿನ ಹಳೆಯ ಕಟ್ಟುಗಳು ಸಡಿಲಿದವು. 1962ರಲ್ಲಿ ಪ್ರಕಟವಾದ ಈ ಗ್ರಂಥವನ್ನು ಅರ್ಥಶಾಸ್ತ್ರಜ್ಞರೂ ಸಮಾಜಶಾಸ್ತ್ರಜ್ಞರೂ ಇಂದಿಗೂ ಓದುತ್ತಾರೆ. ಆಕೆ 1970ರಲ್ಲಿ ಮತ್ತೆ ಬಂದು ನೋಡಿದಾಗ ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಹಿಗ್ಗಿದ್ದುದು ಕಂಡಿತು.

ದಲೇನದ ಕಥೆಯನ್ನು ಕೇಳಿ, ಹಾಗಾದರೆ ಒಣ ಊರುಗಳಿಗೆ ನೀರು ಬೇಡವೆಂದು ಯಾರೂ ತಿಳಿಯಬಾರದು. ಸರಕಾರದ ಮುಂದೆ ಹಾಗೆ ವಾದಿಸುವ ಜಾಣರು ಇಲ್ಲದಿಲ್ಲ! ದಲೇನವು ಬದುಕಿದ್ದು ಮಗ್ಗುಲಲ್ಲಿಯೇ ಮಂಡ್ಯ ಇದ್ದುದರಿಂದ, ಸುತ್ತಲೂ ನೀರಾವರಿ ಇದ್ದುದರಿಂದ. ಸುತ್ತಲೂ ಒಣಗಿದ ನೆಲವೇ ಇರುವ, ಹತ್ತಿರ ಪಟ್ಟಣವೇ ಇಲ್ಲದ ಊರಿನವನು ಗಾಡಿ ಕಟ್ಟಿ ಎಲ್ಲಿಗೆ ಹೋಗಬೇಕು? ಅವನು ಮುಂಬಯಿಗೋ ಬೆಂಗಳೂರಿಗೋ ಗುಳೆ ಹೋಗುವನು. ಊರಿನ ಭಾಗ್ಯವನ್ನು ಅದರ ನೆರೆಹೊರೆಯೊಡನೆ ಸೇರಿಸಿಯೇ ಅಳೆಯಬೇಕೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಇಡಿಯ ನಾಡನ್ನು ಅಳೆದ ಪ್ರಯತ್ನಕ್ಕೆ ಬರುವೆನು. 1956ರ ನವಂಬರ 1ಕ್ಕೆ ನಾಡು ಒಂದಾಯಿತು. ಆದರೆ ಒಂದಾದ ನಾಡಿನ ತಾಲೂಕುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿ, ಆ ತೂಕದ ಮೇಲೆ ಹಣ ಹಂಚುವ ಯೋಜನೆಯನ್ನು ಹಾಕಿಕೊಟ್ಟ ವರದಿಯು ಬಂದದ್ದು 2002ರಲ್ಲಿ. ನಡುವೆ 46 ವರುಷ! ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನು ಬೋಧಿಸಿದ ಡಾಕ್ಟರ ಡಿ. ಎಂ. ನಂಜುಂಡಪ್ಪನವರು ಈ ಸಮಿತಿಯ ಅಧ್ಯಕ್ಷರಾಗಿದ್ದರು. ಬೇಸಾಯ, ಉದ್ದಿಮೆ, ರಸ್ತೆ-ಬ್ಯಾಂಕುಗಳು, ಶಾಲೆ-ಆಸ್ಪತ್ರೆಗಳು, ಜನಸಂಖ್ಯೆಯ ಲಕ್ಷಣ ಮುಂತಾದವುಗಳಿಂದ 35 ಸೂಚಕಗಳನ್ನು ಆರಿಸಿ, ಅವನ್ನು ಕೂಡಿಸಿ ಪ್ರತಿ ತಾಲೂಕಿಗೂ ಒಂದು ಅಂಕಿಯನ್ನು ಕಟ್ಟಿದರು. ರಾಜ್ಯದ ಸರಾಸರಿಯೇ 1. ತಿಳಿಯಲೆಂದು ಒಂದು ಕಲ್ಪಿತ ಲೆಕ್ಕ ಹೇಳುವೆನು: ನಾಡಿನಲ್ಲಿ ಲಕ್ಷ ಜನಕ್ಕೆ 100 ಹಾಸಿಗೆಗಳ ಆಸ್ಪತ್ರೆ ಇದ್ದು, ಒಂದು ತಾಲೂಕಿನಲ್ಲಿ 60 ಮಾತ್ರ ಇದ್ದರೆ, ಆ ಬಾಬಿನಲ್ಲಿ ಆ ತಾಲೂಕಿಗೆ 0.60. ಹೀಗೆ ಎಲ್ಲ ಬಾಬುಗಳನ್ನೂ ತಕ್ಕ ತೂಕ ಕೊಟ್ಟು ಸೇರಿಸಿದಾಗ 1ಕ್ಕಿಂತ ಕೆಳಗಿಳಿದ ತಾಲೂಕು ಹಿಂದುಳಿದದ್ದು. ಎಲ್ಲಕ್ಕೂ ಕೆಳಗಿನ ಅಂಕಿ 0.53.

ಫಲವೇನೆಂದರೆ, ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 26 ಉತ್ತರ ಕರ್ನಾಟಕದವು. ಆ 26ರಲ್ಲಿ 21 ಕಲಬುರ್ಗಿ ವಿಭಾಗವೊಂದರವೇ. ದೇವದುರ್ಗದ ಹೆಸರು ಆ ಪಟ್ಟಿಯಲ್ಲಿರುವದನ್ನು ನೋಡಿ ಆ ಕಡೆಯವರಾರಿಗೂ ಆಶ್ಚರ್ಯವಾಗಲಿಕ್ಕಿಲ್ಲ. ನಿಜಾಮರ ಆಳಿಕೆಯಲ್ಲಿ ಕನ್ನಡ ಶಾಲೆಗಳಿಗಾಗಿ ಹೆಣಗಿದ ಜಿಲ್ಲೆಗಳು ಒಂದಾದ ನಾಡನ್ನು ಹೊಗುವಾಗಲೇ ಹಿಂದಿನ ಸಾಲಿನಲ್ಲಿದ್ದವು. ಮುಂದಿನ ಸಾಲಿನವರು ನಡೆದಂತೆಲ್ಲ ಅಂತರವು ಉಳಿಯಿತು.

ಆದರೆ ಈ ವರದಿಯನ್ನು ಉತ್ತರ-ದಕ್ಷಿಣದ ಜಗಳಕ್ಕೆ ಆಯುಧ ಮಾಡುವವರು ಅದರ ಅರ್ಧವನ್ನೇ ಓದಿರುವರೆಂದು ನಾನು ಖಂಡಿತವಾಗಿ ಹೇಳುವೆನು. 114ರಲ್ಲಿ ಉತ್ತರದವು 59, ದಕ್ಷಿಣದವು 55. ಪಾವಗಡ, ಹೆಗ್ಗಡದೇವನಕೋಟೆ, ರಾಜಧಾನಿಯ ನೆರೆಯಲ್ಲಿಯೇ ಇರುವ ಕನಕಪುರ, ಇವೂ ಅತ್ಯಂತ ಹಿಂದುಳಿದ ತಾಲೂಕುಗಳ ಪಂಕ್ತಿಯಲ್ಲಿಯೇ ಕುಳಿತಿದ್ದವು. ನಾಡನ್ನು ಮತ್ತೆ ಒಡೆಯಬೇಕೆನ್ನುವವರಿಗೆ ಕನಕಪುರವು ಕೇಳುವ ಪ್ರಶ್ನೆಗೆ ಉತ್ತರವಿಲ್ಲ. ಕೊರತೆ ತಾಲೂಕಿನದಾದರೆ ಮದ್ದೂ ತಾಲೂಕಿಗೆ ಮುಟ್ಟಬೇಕು. ಗಡಿಯನ್ನು ಬದಲಿಸಿದರೆ ಆಸ್ಪತ್ರೆ ಬಂದೀತೆ?

ಸಮಿತಿಯು ಎಂಟು ವರುಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿತು. ಅದರಲ್ಲಿ 16,000 ಕೋಟಿಯು ಹೆಚ್ಚಿನ ಹಣ, ಉಳಿದದ್ದು ಸಾಮಾನ್ಯ ಆಯವ್ಯಯದಿಂದಲೇ ಬರಬೇಕಾದದ್ದು. 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371ಜೆ ಕಲಮು ಬಂದಿತು. ಅದರಿಂದ ಕಲ್ಯಾಣ ಕರ್ನಾಟಕವೆಂದು 2019ರಿಂದ ಕರೆಯುತ್ತಿರುವ ಪ್ರದೇಶಕ್ಕೆ ಪ್ರತ್ಯೇಕ ಮಂಡಲಿಯೂ, ನೌಕರಿ-ಶಿಕ್ಷಣಗಳಲ್ಲಿ ಮೀಸಲಾತಿಯೂ ದೊರೆತವು. ಇವೆಲ್ಲ ಒಳ್ಳೆಯವೇ. ಆದರೆ ಸೂಚ್ಯಂಕವು ಎಲ್ಲಿ ನೋವಿದೆಯೆಂಬದನ್ನು ಹೇಳುವದೇ ಹೊರತು ನೋವು ಏಕೆಂಬದನ್ನು ಹೇಳಲಾರದು. ತಾಲೂಕಿನ ಸರಾಸರಿಯೊಳಗೆ ಹೋಬಳಿ ಮುಳುಗುವದು, ಹೋಬಳಿಯ ಸರಾಸರಿಯೊಳಗೆ ಊರ ಹೊರಗಿನ ಕೇರಿ ಮುಳುಗುವದು. ಹಾಸಿಗೆಗಳನ್ನು ಎಣಿಸಿದ ಲೆಕ್ಕವು ವೈದ್ಯರು ದಿನಾಲು ಬರುವರೋ ಇಲ್ಲವೋ ಎಂಬದನ್ನು ತಿಳಿಯದು. ಅದನ್ನು ತಿಳಿಯಲು ಊರಿನಲ್ಲಿ ನಿಂತು ನೋಡುವ ಎಪ್‌ಸ್ಟೈನರ ಕಣ್ಣೇ ಬೇಕು. ಎರಡು ಬಗೆಯ ವಿದ್ಯೆಗಳೂ ಕೂಡಿದಲ್ಲದೆ ನೀತಿಯು ನೆಟ್ಟಗಾಗದು.

2024ರಲ್ಲಿ ಸರಕಾರವು ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಇದೇ ವಿಷಯಕ್ಕೆ ಇನ್ನೊಂದು ಸಮಿತಿಯನ್ನು ನೇಮಿಸಿತು. ತಾಲೂಕುಗಳ ಸಂಖ್ಯೆ ಈಗ 230ನ್ನು ಮೀರಿರುವದರಿಂದ ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಹೋಲಿಸುವದೇ ಒಂದು ತೊಡಕಿನ ಕೆಲಸ. ಹಳೆಯ ತಾಲೂಕೊಂದು ಎರಡು ಮೂರಾಗಿ ಒಡೆದಲ್ಲಿ, ಹೊಸ ತಾಲೂಕು ಏರಿದೆಯೋ ಇಳಿದಿದೆಯೋ ಎಂಬದನ್ನು ಹಳ್ಳಿ ಹಳ್ಳಿಯ ಲೆಕ್ಕ ಹಿಡಿದೇ ಹೇಳಬೇಕು.

ಇಲ್ಲಿಯೇ ನಿಮ್ಮ ನೆನಪಾಗುವದು. ಇಂಥ ವರದಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಹುಟ್ಟಿ ಕಚೇರಿಯ ಕಪಾಟುಗಳಲ್ಲಿ ಬೆಳೆಯುತ್ತವೆ. ತನ್ನ ತಾಲೂಕಿನ ಅಂಕಿ ಎಷ್ಟೆಂದು ಆ ತಾಲೂಕಿನ ರೈತನಿಗೆ ತಿಳಿಯದು, ಮಾಸ್ತರರಿಗೂ ತಿಳಿಯದು. ಸ್ಲೇಟರರ ವಿದ್ಯಾರ್ಥಿಗಳು ಮಾಡಿದ್ದನ್ನು ನಮ್ಮ ಪ್ರೌಢಶಾಲೆಯ ಮೇಲಿನ ತರಗತಿಯವರು ಮಾಡಲಾರರೆ? ಬೇಸಗೆಯ ರಜೆಯಲ್ಲಿ ಊರಿನ ಬಾವಿಗಳೆಷ್ಟು, ನೀರು ಬತ್ತಿದವೆಷ್ಟು, ಗುಳೆ ಹೋದ ಮನೆಗಳೆಷ್ಟು, ಶಾಲೆ ಬಿಟ್ಟ ಹುಡುಗಿಯರೆಷ್ಟು, ದವಾಖಾನೆಯ ಬಾಗಿಲು ವಾರಕ್ಕೆ ಎಷ್ಟು ದಿನ ತೆರೆದಿರುವದು ಎಂಬ ಐದೇ ಬಾಬುಗಳನ್ನು ಕನ್ನಡದಲ್ಲಿ ಬರೆದಿಡಲಿ. ಒಂದು ಪ್ರತಿ ಶಾಲೆಯಲ್ಲಿರಲಿ, ಒಂದು ಪಂಚಾಯತಿಗೆ ಹೋಗಲಿ, ಇನ್ನೊಂದು ಹತ್ತಿರದ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗಕ್ಕೆ ಹೋಗಲಿ. ಐದು ವರುಷಗಳ ಮೇಲೆ ಅದೇ ಬಾಬುಗಳನ್ನು ಅದೇ ಊರಲ್ಲಿ ಮತ್ತೆ ಎಣಿಸಿರಿ.